ತಲೆಕೆಳಗಾದ ಎಂಟು ನಿಲುವಂಗಿ

ಹೊಲಿಗೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕತ್ತರಿ ಅಕ್ಕ ಅಂತಲೇ ಕರೆಯುತ್ತಿದ್ದರು. ಬಟ್ಟೆ ಕತ್ತರಿಸುವುದರಲ್ಲಿ ಎತ್ತಿದ ಕೈ. ಅವಳು ಸೀಮೆಸುಣ್ಣದ ಗೆರೆ ಎಳೆದಮೇಲೆ ಇನ್ನೊಬ್ಬರು ಟೇಪು ಹಿಡಿದು ನೋಡುವ ಮಾತೇ ಇಲ್ಲ. ಸ್ವಲ್ಪ ಜಂಬವೂ ಇತ್ತು ಅನ್ನಿ. ಮೂವತ್ತು ವರ್ಷ ಒಂದು ತೋಳನ್ನೂ ಗಿಡ್ಡ ಮಾಡದವಳಿಗೆ ಅಷ್ಟೂ ಇರಬಾರದೇ?

ಆರು ವರ್ಷದ ಹಿಂದೆ ಅವಳು ಹೋಗುವ ಚರ್ಚಿನ ಹಾಡುವ ತಂಡಕ್ಕೆ ಹದಿನಾರು ಕೆಂಪು ಮಖಮಲ್ ನಿಲುವಂಗಿ ಹೊಲಿಯುವ ಕೆಲಸ ಬಂತು. ಮಖಮಲ್ಲಿನ ನವಿರೆಲ್ಲ ಒಂದೇ ಕಡೆಗೆ ಮಲಗಿರುತ್ತದೆ, ತಿರುಗಿಸಿ ಹಿಡಿದರೆ ಅದೇ ಬಣ್ಣ ಕಪ್ಪಾಗಿ ಕಾಣುತ್ತದೆ, ಅದಕ್ಕೇ ಪದರಗಳನ್ನು ಒಂದೇ ದಿಕ್ಕಿಗೆ ಹಾಸಬೇಕು. ಅವತ್ತು ಆತುರಕ್ಕೆ ಬಿದ್ದ ಅಕ್ಕ ಬಟ್ಟೆಯನ್ನು ಅತ್ತಿತ್ತ ಮಡಿಸಿ ಹಾಸಿ ಒಂದೇ ಸಲಕ್ಕೆ ಕತ್ತರಿಸಿಬಿಟ್ಟಳು. ಅರ್ಧ ಬಟ್ಟೆ ತಲೆಕೆಳಗಾಯಿತು. ಹೊಲಿದು ತೂಗುಹಾಕಿದಾಗ ಎಂಟು ನಿಲುವಂಗಿ ಕೆಂಪಗೆ, ಎಂಟು ಸುಟ್ಟ ಹಾಗೆ ಕಪ್ಪಗೆ.

ಕತ್ತರಿ ಅಕ್ಕನ ಕೈ ತಪ್ಪೀತು ಅಂತ ಯಾರೂ ಕನಸಲ್ಲೂ ಎಣಿಸಲಿಲ್ಲ. ಯಜಮಾನರಿಗಂತೂ ಬಟ್ಟೆಯ ಗಂಧಗಾಳಿ ಇಲ್ಲ. "ಇಸ್ತ್ರಿ ಜಾಸ್ತಿ ಕಾಯಿಸಿದ್ದೀಯ," ಅಂತ ಅಂಗಡಿಯ ಇಸ್ತ್ರಿಯವಳ ಮೇಲೆ ಹರಿಹಾಯ್ದರು. ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಕತ್ತರಿ ಒರೆಸುತ್ತಾ ಕೂತಳು. ಸಂಜೆಯೊಳಗೆ ಇಸ್ತ್ರಿಯವಳ ಕೆಲಸ ಹೋಯಿತು.

ಚರ್ಚಿನವರು ನಿಲುವಂಗಿ ಬಿಸಾಡಲಿಲ್ಲ. ಮುಂದಿನ ಸಾಲಿಗೆ ಕೆಂಪು, ಹಿಂದಿನ ಸಾಲಿಗೆ ಕಪ್ಪು ತೊಡಿಸಿದರು. ಭಾನುವಾರ ಬಂತೆಂದರೆ ಅಕ್ಕನ ಎದುರಿಗೇ ಎಂಟು ಸಾಕ್ಷಿ, ಅದೂ ರಾಗವಾಗಿ ಹಾಡಿಕೊಂಡು. ಮನೆಗೆ ಬಂದು ಮಲಗಿದರೆ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಹೋಗಿ ನಿಜ ಹೇಳು ಅಂತ ದೇವರು ಹೇಳುತ್ತಿದ್ದದ್ದು ಅವಳಿಗೆ ಕೇಳಿಸದೆ ಇರಲಿಲ್ಲ. ಕೇಳಿಸಿಕೊಂಡೂ ಚೌಕಾಸಿಗೆ ಇಳಿದಳು. ಚರ್ಚಿನ ಪರದೆಗಳಿಗೆ ಪುಕ್ಕಟೆ ಅಂಚು ಹೊಲಿದಳು, ಬೆಂಚು ಒರೆಸಿದಳು, ಉಪವಾಸ ಮಾಡಿದಳು. ಅದೊಂದು ಬಿಟ್ಟು ಏನು ಬೇಕಾದರೂ ಕೇಳು ಸ್ವಾಮಿ ಅನ್ನುವ ವರಸೆ. ಅಲ್ರೀ, ದೇವರೇನು ಪರದೆಗೆ ಅಂಚಿಲ್ಲ ಅಂತ ಅಳುತ್ತಾ ಕೂತಿದ್ದನೇ?

ಒಂದು ಶನಿವಾರ ಬೆಂಚು ಒರೆಸುತ್ತಲೇ ಪಾಸ್ಟರ ಹತ್ತಿರ ಎಲ್ಲ ಹೇಳಿಕೊಂಡಳು. "ಹೋಗು ಅಂತ ನೀವೊಂದು ಮಾತು ಹೇಳಿ, ಹೋಗ್ತೀನಿ."

"ನಾನು ಹೇಳಿದ್ರೆ ನನಗೋಸ್ಕರ ಹೋದ ಹಾಗಾಗುತ್ತಮ್ಮ. ಆರು ವರ್ಷದಿಂದ ಕೇಳ್ತಿರೋನು ದೇವರು. ಮನಸ್ಸಿದ್ರೆ ಅವನಿಗೆ ಹೂಂ ಅನ್ನಿ."

"ಮಾನ ಹೋಗುತ್ತಲ್ಲ?"

"ಹೋಗಬಹುದು," ಅಂದರು ಪಾಸ್ಟರು. ಸಮಾಧಾನಕ್ಕೆ ಸುಳ್ಳು ಹೇಳುವವರಲ್ಲ ಅವರು.

ಅಕ್ಕ ಒದ್ದೆ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದಳು. ಹೂಂ ಅಂದಳು, ಪಾಸ್ಟರಿಗಲ್ಲ.

ಸೋಮವಾರ ಅಂಗಡಿಯಲ್ಲಿ ಎಲ್ಲರ ಎದುರಿಗೆ ಹೇಳಿಯೇಬಿಟ್ಟಳು. ಮಿಷನ್ನುಗಳು ಒಂದೊಂದಾಗಿ ನಿಂತವು. ಯಜಮಾನರ ಮುಖ ಇಷ್ಟು ಊದಿತು. ಅಕ್ಕ ನಿಲ್ಲಲಿಲ್ಲ, ಎರಡು ಬೀದಿ ದಾಟಿ ಇಸ್ತ್ರಿಯವಳು ಈಗ ಇಟ್ಟುಕೊಂಡಿದ್ದ ಗೂಡಂಗಡಿಗೆ ನಡೆದಳು. ಮನಸ್ಸು ಹಗುರವಾಗುತ್ತಾ ಬಂತು.

"ನಿನ್ನ ಇಸ್ತ್ರಿಯದು ತಪ್ಪಲ್ಲ ಕಣೇ. ನಾನು ಬಟ್ಟೆ ಹಾಸಿದ್ದೇ ತಪ್ಪು. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ."

ಇಸ್ತ್ರಿಯವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ತೋರುಬೆರಳು ಚಾಚಿದಳು. ತುದಿ ಜಡ್ಡುಗಟ್ಟಿ ಕಪ್ಪಾಗಿತ್ತು. "ನಾನೇ ಸುಟ್ಟೆ ಅಂತ ನಂಬಿದ್ದೆ ಅಕ್ಕ. ಅವತ್ತಿಂದ ಪ್ರತಿ ಬಟ್ಟೆಗೂ ಮೊದಲು ಕಾದ ಪೆಟ್ಟಿಗೆಗೆ ಬೆರಳು ಇಟ್ಟು ನೋಡ್ತೀನಿ. ನನ್ನ ಕೈ ಮೇಲೆ ನನಗೇ ನಂಬಿಕೆ ಇರಲಿಲ್ಲ."

ಅಕ್ಕ ಆ ಬೆರಳು ಹಿಡಿದುಕೊಂಡು ಅತ್ತಳು. ಇಷ್ಟು ದಿನ ತನ್ನ ನಿದ್ದೆಯ ಚಿಂತೆಯಲ್ಲೇ ಇದ್ದಳು, ಈ ಬೆರಳಿನ ಯೋಚನೆ ಒಮ್ಮೆಯೂ ಬಂದಿರಲಿಲ್ಲ.

"ಸಿಟ್ಟು ಬರ್ತಿದೆ ಅಕ್ಕ," ಅಂದಳು ಇಸ್ತ್ರಿಯವಳು. "ಬೈಯೋದಿದೆ. ಮೊದಲು ಈ ರಾಶಿ ಮುಗೀಲಿ, ಕೂತ್ಕೋ."

ಬೈಸಿಕೊಳ್ಳೋಕೆ ಕೂತ ಅಕ್ಕ, ಬಟ್ಟೆಯ ಗಂಟಿಗೆ ತಲೆ ಆನಿಸಿ, ಮಟಮಟ ಮಧ್ಯಾಹ್ನ ನಿದ್ದೆ ಹೋದಳು. ಗೊರಕೆ ಬೇರೆ.

ಇಸ್ತ್ರಿಯವಳು ಅವಳನ್ನು ಒಂದು ಗಳಿಗೆ ನೋಡಿದಳು. ಬೆಚ್ಚಗಿದ್ದ ದುಪ್ಪಟಿಯೊಂದನ್ನು ಮೇಲೆ ಹೊದಿಸಿದಳು. ಇನ್ನೊಂದು ಅಂಗಿ ಹಾಸಿ, ಅಭ್ಯಾಸದಂತೆ ಬೆರಳು ಚಾಚಿ, ಹಿಂದಕ್ಕೆ ತೆಗೆದುಕೊಂಡಳು. ಮುಟ್ಟಿ ನೋಡದೆ ಇಸ್ತ್ರಿಪೆಟ್ಟಿಗೆಯನ್ನು ನೇರ ಬಟ್ಟೆಯ ಮೇಲಿಟ್ಟಳು.