ಉಪ್ಪು ಹೊಕ್ಕ ಕುಲ್ಫಿ

ನನ್ನ ಅಕ್ಕ ಹಾಲನ್ನು ಎರಡು ಸಲ ಸೋಸುತ್ತಾಳೆ, ಮಾತನ್ನು ನಾಲ್ಕು ಸಲ. ಯಾರಾದರೂ ನಕ್ಕರೆ ಯಾಕೆ ನಕ್ಕರೆಂದು ಕೇಳುತ್ತಾಳೆ. ನಗದಿದ್ದರೆ ಮನಸ್ಸಿನಲ್ಲಿ ಏನೋ ಇಟ್ಟುಕೊಂಡಿದ್ದಾರೆ ಎನ್ನುತ್ತಾಳೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಮ್ಮಮ್ಮ ಅವಳನ್ನು ಭಾವನಿಗೆ ಕೊಟ್ಟು ಕೈತೊಳೆದುಕೊಂಡಳು. ಭಾವನದು ಕುಲ್ಫಿ ಗಾಡಿ. ಸಂಜೆ ಜನ ಕಡಲಿಗೆ ಮುಖಮಾಡಿ, ಕಾಲು ಇಳಿಬಿಟ್ಟು ಕೂರುವ ಉದ್ದನೆಯ ಕಟ್ಟೆಯ ಬಳಿ ಅದು ನಿಲ್ಲುತ್ತದೆ. ಭಾವ ಅಚ್ಚಿನಿಂದ ಕುಲ್ಫಿ ಬಿಡಿಸುತ್ತಾರೆ, ಅಕ್ಕ ಕೊಡುತ್ತಾಳೆ, ನಾನು ಖಾಲಿ ಅಚ್ಚು ತೊಳೆಯುತ್ತೇನೆ.

ಪಕ್ಕದಲ್ಲಿ ಜಿಲೇಬಿಯವನು, ಅವನಾಚೆ ಫಲೂದ ಮಾರುವ ಹೆಂಗಸು. ಅವಳಿಗೆ ಗಂಡನಿಲ್ಲ, ನಗುಮುಖ ಬೇರೆ. ಅಕ್ಕನಿಗೆ ಅಷ್ಟೇ ಸಾಕಾಯಿತು.

ಹಿಂದಿನ ಚಳಿಗಾಲದಲ್ಲಿ ಭಾವ ಜೋರು ಜ್ವರ ಬಂದು ಮಲಗಿದ್ದರು. ಎದ್ದ ಮೇಲೆ ಅವರಿಗೊಂದು ಹೊಸ ಅಭ್ಯಾಸ ಅಂಟಿಕೊಂಡಿತು. ಗಾಡಿ ನಿಲ್ಲಿಸಿದ ಕೂಡಲೇ ಮೊದಲ ಕುಲ್ಫಿಯಿಂದ ಒಂದು ಚಮಚ ಕೆರೆದು ಫಲೂದದವಳ ಹತ್ತಿರ ಒಯ್ಯುವುದು. ಅವಳು ತಿಂದು ಮೆಲ್ಲಗೆ ಏನೋ ಹೇಳುತ್ತಿದ್ದಳು. ಇವರು ತಲೆಯಾಡಿಸಿ ಬರುತ್ತಿದ್ದರು.

"ಏನ್ರೀ ಅದು ದಿನಾ ಉಪಚಾರ?" ಎಂದು ಅಕ್ಕ ಕೇಳಿದಳು.

"ಪಕ್ಕದವಳಲ್ವಾ, ರುಚಿ ನೋಡ್ಲಿ ಅಂತ ಕೊಟ್ಟೆ."

"ಜಿಲೇಬಿಯವನು ಇನ್ನೂ ಹತ್ತಿರದವನು. ಮೀಸೆ ಇದೆ ಅಂತ ಅವನಿಗೆ ಕೊಡಲ್ವಾ?"

ಭಾವ ಬಗ್ಗಿ ಎರಡೂ ಕೈಯಿಂದ ಅಚ್ಚು ಬಿಡಿಸತೊಡಗಿದರು. ಅಕ್ಕ ನನ್ನತ್ತ ತಿರುಗಿ, "ನೋಡಿದ್ಯಾ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತಾರೆ" ಎಂದಳು. ಎರಡೂ ಕೈಯಲ್ಲಿ ಅಚ್ಚು ಹಿಡಿದವರು ಹೆಗಲು ಯಾವಾಗ ಮುಟ್ಟಿಕೊಂಡರೋ ನನಗಂತೂ ಕಾಣಲಿಲ್ಲ. ಆದರೆ ಅವಳಿಗೆ ನಿದ್ದೆ ಹೋಯಿತು, ಊಟ ಸೇರದಾಯಿತು. ಕಣ್ಣಾರೆ ಒಂದು ಸಾಕ್ಷಿ ಸಿಕ್ಕರೆ ಸಂಸಾರ ಬಿಟ್ಟು ಅಮ್ಮನ ಮನೆಗೆ ಹೋಗಿಬಿಡುತ್ತೇನೆ ಎಂದಳು. ಅವಳು ಹೋಗುವವಳೇ ಎಂದು ನನಗೆ ಭಯವಾಯಿತು.

ಕುಲ್ಫಿಯ ಕೆಲಸದಲ್ಲಿ ಒಂದು ಸೂಕ್ಷ್ಮವಿದೆ. ಕಾಸಿ ಗಟ್ಟಿಯಾದ ಹಾಲನ್ನು ತಗಡಿನ ಅಚ್ಚಿಗೆ ಸುರಿದು, ಮುಚ್ಚಳದ ಸುತ್ತ ಕಲಸಿದ ಹಿಟ್ಟು ಮೆತ್ತಿ, ಮಂಜುಗಡ್ಡೆ ಕಲ್ಲುಪ್ಪು ತುಂಬಿದ ಮಡಕೆಯಲ್ಲಿ ಹೂಳಬೇಕು. ಹಿಟ್ಟು ಬಿರುಕುಬಿಟ್ಟರೆ ಉಪ್ಪುನೀರು ಒಳಗೆ ಇಳಿಯುತ್ತದೆ. ಒಂದು ಮಧ್ಯಾಹ್ನ ಭಾವ ಸ್ನಾನಕ್ಕೆ ಹೋದಾಗ ಅಕ್ಕ ಮಡಕೆಗೆ ಕೈಹಾಕಿ ಒಂದೊಂದೇ ಮುಚ್ಚಳ ತೆಗೆದು ನೋಡಿದಳು. ಫಲೂದದವಳಿಗೆಂದು ಪಿಸ್ತಾ ಜಾಸ್ತಿ ಹಾಕಿದ ಅಚ್ಚೊಂದು ಇರಲೇಬೇಕು ಎಂದು ಅವಳ ಹಟ. ಸಿಗಲಿಲ್ಲ. ಒಣಗಿದ ಅದೇ ಹಿಟ್ಟನ್ನು ಮತ್ತೆ ಒತ್ತಿ ಎಲ್ಲವನ್ನೂ ಹೂತಿಟ್ಟಳು.

ಆ ಸಂಜೆ ಫಲೂದದವಳು ಬರುವುದು ತಡವಾಯಿತು. ಭಾವ ಅತ್ತಿತ್ತ ನೋಡಿದರು. ಜನ ಅವಸರ ಮಾಡುತ್ತಿದ್ದರು. ಕೊನೆಗೆ ತಾವೇ ಒಂದು ಚಮಚ ಬಾಯಿಗಿಟ್ಟು, "ಚೆನ್ನಾಗಿದೆ, ಕೊಡು" ಎಂದರು. ಹಾಗೆಂದು ಚಿಲ್ಲರೆ ತರಲು ಆಚೆ ಅಂಗಡಿಗೆ ಹೋದರು. ಮೊದಲು ತಿಂದ ಹುಡುಗಿ ಅಲ್ಲೇ ಉಗುಳಿದಳು. ಅವಳಪ್ಪ ಒಂದು ಚೂರು ತಿಂದು ನೋಡಿ, "ಸಮುದ್ರದ ನೀರಲ್ಲಿ ಮಾಡಿದ್ದೇನಮ್ಮಾ?" ಎಂದ.

ಅಕ್ಕನೂ ನಾಲಿಗೆಗೆ ಮುಟ್ಟಿಸಿ ನೋಡಿದಳು. ತಾನು ತೆಗೆದ ಮುಚ್ಚಳಗಳು ಅವಳಿಗೆ ನೆನಪಿಗೇ ಬರಲಿಲ್ಲ. "ಅವಳದೇ ಕೆಲಸ. ಅದಕ್ಕೇ ಇವತ್ತು ಮುಖ ತೋರಿಸಿಲ್ಲ" ಎಂದಳು. ಅಷ್ಟರಲ್ಲಿ ಫಲೂದದವಳು ಗಾಡಿ ತಳ್ಳಿಕೊಂಡು ಬಂದಳು. ಅಕ್ಕ ಇನ್ನೊಂದು ಕುಲ್ಫಿ ಬಿಡಿಸಿ, ಆಗಷ್ಟೇ ಚಿಲ್ಲರೆ ತಂದ ಗಂಡನ ಕೈಗೆ ತುರುಕಿದಳು.

"ತಿನ್ನಿ. ತಿಂದು, ಹೇಗಿದೆ ಅಂತ ಇವಳ ಎದುರಿಗೇ ಹೇಳಿ."

ಭಾವ ಕಚ್ಚಿದರು. ಮುಖ ಕಿವುಚಲಿಲ್ಲ. ಇನ್ನೊಂದು ತುಂಡು ತಿಂದರು. ತಿನ್ನುವಷ್ಟು ಹೊತ್ತೂ, ಪಕ್ಕದವನ ಉತ್ತರ ಇಣುಕುವ ಶಾಲೆ ಹುಡುಗನ ಹಾಗೆ, ಅಕ್ಕನ ಮುಖವನ್ನೇ ನೋಡುತ್ತಿದ್ದರು.

"ಸಿಹಿ ಸ್ವಲ್ಪ ಜಾಸ್ತಿ ಆಯ್ತಾ?" ಎಂದು ಕೇಳಿದರು.

ಕಟ್ಟೆಯ ಮೇಲಿದ್ದವರು ನಕ್ಕರು.

"ಜ್ವರ ಬಿಟ್ಟಾಗಿಂದ ಅವರ ನಾಲಿಗೆಗೆ ಏನೂ ಗೊತ್ತಾಗಲ್ಲ ಅಕ್ಕಾ" ಎಂದಳು ಫಲೂದದವಳು. "ಸಕ್ಕರೆ ಸರಿಯಿದೆಯಾ ಅಂತ ನನ್ನ ಕೇಳ್ತಿದ್ರು, ಅಷ್ಟೇ. ಮನೇಲಿ ಹೇಳಿ ಅಂತ ನಾನೂ ಹೇಳಿ ಹೇಳಿ ಸಾಕಾಯ್ತು."

ಅಕ್ಕ ಭಾವನ ಕೈಯಿಂದ ಆ ಕುಲ್ಫಿಯನ್ನು ಕಿತ್ತುಕೊಂಡಳು.

"ನನ್ನ ಅಡುಗೆ ದಿನಾ ಹೊಗಳ್ತಿದ್ರಲ್ಲ. ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಾಟಕ ಅಂತಿದ್ದೆ" ಎಂದರು ಭಾವ.

ಅಕ್ಕ ಬಾಯಿ ತೆರೆದಳು. ಒಡಹುಟ್ಟಿದವಳನ್ನು ನಾನು ಬಲ್ಲೆ. ನಾಟಕ ಅನ್ನುವ ಅದೇ ಮಾತು ಅವಳ ತುಟಿಯವರೆಗೆ ಬಂದಿತ್ತು. ಅದನ್ನು ಅವಳು ನುಂಗಿಕೊಂಡದ್ದನ್ನು ನಾನು ನೋಡಿದೆ.