ಒಂದು ತಪ್ಪೂ ಇಲ್ಲ

“ನಿಮ್ಮ ತಾಯಿ ಹೇಗಿದ್ದಾರೆ?” ಮೊಬೈಲಿನೊಳಗಿನ ಹೆಣ್ಣುದನಿ ಕೇಳಿತು. ಪಣಕಹಳ್ಳಿಯ ನಮ್ಮ ಎಲೆಕೋಸಿನ ಹೊಲದ ಬದುವಿನಲ್ಲಿ, ಒಡಿಶಾದಿಂದ ಕೂಲಿಗೆ ಬಂದ ಸುಕ್ರ ಒಬ್ಬನೇ ಕೂತು ಆ್ಯಪ್‌ನಲ್ಲಿ ಕನ್ನಡ ಕಲಿಯುತ್ತಿದ್ದ.

“ನನ್ನ ತಾಯಿ ತೀರಿಕೊಂಡರು,” ಎಂದ, ಒಂದೊಂದೇ ಪದ ಹುಡುಕಿ.

ಟಣ್ ಎಂದು ಗಂಟೆ ಬಾರಿಸಿತು. “ಶಭಾಷ್! ಒಂದು ತಪ್ಪೂ ಇಲ್ಲ!”

ಟೀ ತಂದಿದ್ದ ನನಗೆ ನಗು ಬಂತು. “ಏನ್ಲಾ, ಪಾಠಕ್ಕೋಸ್ಕರ ಅವ್ವುನ್ನೇ ಸಾಯಿಸ್‌ಬುಟ್ಯಾ?”

ಅವನು ನಗಲಿಲ್ಲ. “ನಿಜ ಅಕ್ಕ. ನಿನ್ನೆ ಊರಲ್ಲಿ ಮಣ್ಣು ಮಾಡಿದರು.”

ಟೀ ಲೋಟ ಅವನ ಕೈಗೆ ಕೊಟ್ಟು ಪಕ್ಕದಲ್ಲೇ ಕೂತೆ. ಹೋದ ಸುಗ್ಗಿಯಿಂದ ನಮ್ಮಲ್ಲೇ ದುಡಿಯುತ್ತಿದ್ದಾನೆ. ಅವನ ತಾಯಿ ಹೇಗಿದ್ದಾಳೆಂದು ಈ ಊರಲ್ಲಿ ವಿಚಾರಿಸಿದ್ದು ಆ ಮೊಬೈಲೊಂದೇ.