ಅತ್ತೆಯ ಹುಣಸೆಹಣ್ಣಿನ ಪರೀಕ್ಷೆ

ದಂತವೈದ್ಯೆ ಲೇಸರ್ ಆಫ್ ಮಾಡಿ "ಆಯ್ತಮ್ಮ, ಏಳಿ" ಎಂದದ್ದೇ ತಡ, ನಮ್ಮತ್ತೆ ಸೆರಗಿನ ಗಂಟು ಬಿಚ್ಚಿ ಒಂದು ಚೂರು ಹುಣಸೆಹಣ್ಣನ್ನು ಬಾಯಿಗೆ ಹಾಕಿಕೊಂಡೇ ಬಿಟ್ಟರು! ಡಾಕ್ಟರಮ್ಮ ಬೆಚ್ಚಿಬಿದ್ದರು.

ಅತ್ತೆಯದು ಚಿಂತಾಮಣಿಯ ಮಂಡಿಯಲ್ಲಿ ಹುಣಸೆ ವ್ಯಾಪಾರ. ರುಚಿ ನೋಡದೆ ಒಂದು ಮೂಟೆಯನ್ನೂ ಇಳಿಸಿಕೊಂಡವರಲ್ಲ. ಎರಡು ತಿಂಗಳಿಂದ ಹುಳಿ ತಾಗಿದರೆ ಸಾಕು, ಹಲ್ಲು ಜುಂ ಎನ್ನುತ್ತಿತ್ತು. ಆ ಕೆಲಸವೇ ನಿಂತುಹೋಗಿ, ಜುಂ ಇಳಿಸುವ ಲೇಸರ್ ಚಿಕಿತ್ಸೆಗೆಂದು ಇಲ್ಲಿಗೆ ಬಂದಿದ್ದೆವು. ಈಗ ಕಣ್ಣು ಮುಚ್ಚಿ ನಿಧಾನವಾಗಿ ಚಪ್ಪರಿಸಿ, "ಜುಂ ಅನ್ಲಿಲ್ಲ ಕಣಮ್ಮ. ನಿನ್ ಸರಕು ಚೆನ್ನಾಗೈತೆ!" ಎಂದು ಲೇಸರಿಗೇ ಸರ್ಟಿಫಿಕೇಟ್ ಕೊಟ್ಟರು.

ಹೊರಗೆ ಕಾಯುತ್ತಿದ್ದವರೆಲ್ಲ ನಕ್ಕರು. ಡಾಕ್ಟರಮ್ಮ ಮಾತ್ರ ಜುಮ್ಮೆನ್ನುವ ಹಲ್ಲಿಗೆಂದೇ ಇರುವ ಟೂತ್‌ಪೇಸ್ಟ್ ಬರೆದುಕೊಡುತ್ತಾ, "ನಿಮ್ಮ ಹಲ್ಲು ಸವೆಸಿರೋದೇ ಈ ಹುಳಿ. ಇನ್ಮೇಲೆ ರುಚಿ ನೋಡೋ ಕೆಲಸ ಬೇರೆಯವರಿಗೆ ಬಿಡಿ" ಎಂದು ಗದರಿದರು. ಅತ್ತೆ ಮೆಲ್ಲಗೆ ನನ್ನತ್ತ ತಿರುಗಿದರು.

ಅಂದಿನಿಂದ ಮಂಡಿಯಲ್ಲಿ ರುಚಿ ನೋಡುವವಳು ನಾನೇ. ಮೊನ್ನೆ ಬೆಳಿಗ್ಗೆ ತಣ್ಣೀರಿನಲ್ಲಿ ಬಾಯಿ ಮುಕ್ಕಳಿಸಿದಾಗ ನನ್ನ ಹಲ್ಲೂ ಜುಂ ಎಂದಿತು. ಪಕ್ಕದಲ್ಲೇ ನಿಂತಿದ್ದ ಅತ್ತೆ ನಾನು ಮುಖ ಕಿವುಚಿದ್ದು ನೋಡಿ, ತಮ್ಮ ಟೂತ್‌ಪೇಸ್ಟನ್ನು ನನ್ನ ಕೈಗಿಟ್ಟರು.